ಭಾವನ ಕಾರಿನ ಗ್ಯಾಸ್ಕೆಟ್

ಊರಿನ ಗಾಡಿಗಳಿಗೆಲ್ಲ ವೈದ್ಯನಾಗಿದ್ದ ಮೆಕ್ಯಾನಿಕ್‌ನ ಮಾತು ಅವನ ಭಾವನಿಗೆ ಮಾತ್ರ ನಾಟುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ. ಭಾವ ಫೋಟೊ ಸ್ಟುಡಿಯೊ ಇಟ್ಟವನು. ಆದರೆ ತನ್ನ ಹತ್ತೊಂಬತ್ತು ವರ್ಷದ ಟರ್ಬೊ ಕಾರಿನ ವಿಷಯ ಬಂದರೆ ಅವನೇ ಪಂಡಿತ.

ಆ ಬೇಸಿಗೆಯಲ್ಲಿ ಭಾವ ಊರಾಚೆಯ ಯಾವುದೋ ಗ್ಯಾರೇಜಿಗೆ ಹೋಗಿ ಎಂಜಿನ್ನಿಗೆ ಗಾಳಿ ನುಗ್ಗಿಸುವ ಟರ್ಬೊದ ಒತ್ತಡ ಏರಿಸಿಕೊಂಡು ಬಂದ. ಬಂದವನೇ ಮೆಕ್ಯಾನಿಕ್‌ನ ಶೆಡ್ಡಿನ ಮುಂದೆ ಗರ್ರೆಂದು ಎಂಜಿನ್ ಕೂಗಿಸಿ, ತಕ್ಷಣ ಕೀಲಿ ತಿರುಗಿಸಿ ಆರಿಸಿದ.

"ಹೇಗಿದೆ ಪಿಕಪ್? ನಿನ್ನ ಕೈಲಿ ಆಗಿತ್ತಾ ಇದು?"

ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿದ. ರೇಡಿಯೇಟರಿನ ಅರ್ಧ ಜಾಲರಿ ಧೂಳಿನಿಂದ ಮುಚ್ಚಿಹೋಗಿತ್ತು. ಹೋಸ್ ಪೈಪು ಹಿಚುಕಿದರೆ ಹಪ್ಪಳದಂತೆ ಚರಚರ ಎನ್ನುತ್ತಿತ್ತು. ಎಂಜಿನ್ ತಂಪಾಗಿಡುವ ಕೂಲಂಟಿನ ಡಬ್ಬಿಯಲ್ಲಿದ್ದ ನೀರಿಗೆ ತುಕ್ಕಿನ ಬಣ್ಣ.

"ಇದಕ್ಕೇನು ಹಾಕ್ತೀರಿ ಭಾವ?"

"ಹಳೇ ಕೂಲಂಟು ಕಮ್ಮಿ ಆದಾಗೆಲ್ಲ ಒಂದಿಷ್ಟು ನಲ್ಲಿ ನೀರು. ನೀರು ನೀರೇ ತಾನೆ?"

ಮೆಕ್ಯಾನಿಕ್ ತಾಳ್ಮೆಯಿಂದಲೇ ವಿವರಿಸಿದ. ಎಂಜಿನ್ನಿನ ತಲೆಗೂ ಮೈಗೂ ನಡುವೆ ಒಂದು ತೆಳು ತಗಡು ಇರುತ್ತದೆ, ಅದೇ ಗ್ಯಾಸ್ಕೆಟ್. ಬೆಂಕಿ, ನೀರು, ಎಣ್ಣೆ ಮೂರನ್ನೂ ಒಂದಕ್ಕೊಂದು ಸೇರದಂತೆ ಬೇರೆಯಾಗಿ ಇಡುವುದು ಅದರ ಕೆಲಸ. ಟರ್ಬೊ ಗಾಡಿಯಲ್ಲಿ ಅದರ ಮೇಲೆ ಮೊದಲೇ ಭಾರ ಜಾಸ್ತಿ. ಒತ್ತಡ ಏರಿಸಿದರೆ ಇನ್ನೂ ಜಾಸ್ತಿ. ಅದರ ಮೇಲೆ ಒಮ್ಮೆ ಎಂಜಿನ್ ಕಾದು ಕೆಂಡವಾದರೆ ತಲೆ ಸೊಟ್ಟಗಾಗಿ, ಗ್ಯಾಸ್ಕೆಟ್ ಹರಿದು, ಕಥೆ ಮುಗಿಯಿತು.

"ಒಂದೇ ಒಂದು ದಿನ ಗಾಡಿ ಬಿಟ್ಟುಹೋಗಿ. ಹೋಸು, ಥರ್ಮೋಸ್ಟಾಟು, ಕೂಲಂಟು ಎಲ್ಲಾ ಬದಲಾಯಿಸಿ ಕೊಡ್ತೀನಿ."

"ನೋಡೋಣ ನೋಡೋಣ," ಎಂದ ಭಾವ. ಆ 'ನೋಡೋಣ' ಮೂರು ತಿಂಗಳು ನಡೆಯಿತು. ಒಂದು ವಾರ ಮದುವೆ ಆಲ್ಬಮ್ಮಿನ ಕೆಲಸ, ಇನ್ನೊಂದು ವಾರ ನೆಗಡಿ. ಕೇಳಿ ಕೇಳಿ ಮೆಕ್ಯಾನಿಕ್‌ನ ಬಾಯಿ ಸವೆಯಿತು.

ಅಷ್ಟರಲ್ಲಿ ಮೆಕ್ಯಾನಿಕ್‌ನ ಅಮ್ಮನ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಆಸ್ಪತ್ರೆ ಗುಡ್ಡದ ಮೇಲಿನ ಪಟ್ಟಣದಲ್ಲಿ. ಹತ್ತು ಗಂಟೆಗೆ ಅಲ್ಲಿರಬೇಕು. ಭಾವ ಓಡಿಸುತ್ತಿದ್ದ, ಪಕ್ಕದಲ್ಲಿ ಅಕ್ಕ, ಹಿಂದೆ ಅಮ್ಮ ಮತ್ತು ಮೆಕ್ಯಾನಿಕ್. ಮೂರನೆಯ ತಿರುವಿನಲ್ಲಿ ಭಾವ ಒಂದು ಲಾರಿಯನ್ನು ಹಿಂದೆ ಹಾಕಲು ಕಾಲು ಅದುಮಿದ. ಎಂಜಿನ್ನಿನ ಶಾಖ ತೋರಿಸುವ ಮುಳ್ಳು ನಡುವಿನಿಂದ ಮೇಲಕ್ಕೆ ಹೊರಟಿದ್ದು ಹಿಂದಿನ ಸೀಟಿನಿಂದಲೇ ಕಂಡಿತು.

"ಭಾವ, ನಿಲ್ಸಿ."

"ಸೆನ್ಸರ್ ಸರಿಯಿಲ್ಲ ಕಣೋ, ಆಗಾಗ ಹಾಗೆ ತೋರಿಸ್ತದೆ."

"ನಿಲ್ಸಿ ಅಂದೆ!"

"ಸುಮ್ನಿರೋ," ಅಕ್ಕ ತಿರುಗಿ ಗದರಿದಳು. "ಎರಡು ತಿಂಗಳು ಕಾದು ಸಿಕ್ಕಿರೋ ದಿನ ಇದು. ಇನ್ನು ನಾಲ್ಕೇ ಕಿಲೋಮೀಟರು."

ಮುಳ್ಳು ಕೆಂಪು ಗೆರೆಯ ಅಂಚಿಗೆ ಬಂತು. ಮೆಕ್ಯಾನಿಕ್‌ಗೆ ಸೀಟಿನಿಂದ ಹಾರಿ ತಾನೇ ಬ್ರೇಕ್ ತುಳಿಯುವಷ್ಟು ಸಿಟ್ಟು. ಅಷ್ಟರಲ್ಲಿ, ಆ ಮುಳ್ಳು ಕಾಣುವ ಮಾತಿರಲಿ, ಎದುರಿನವರ ಮುಖವೇ ಮಸುಕಾಗಿ ಕಾಣುತ್ತಿದ್ದ ಅಮ್ಮ ಮೂಗರಳಿಸಿದಳು.

"ಏನೋ ಸಿಹಿ ಸಿಹಿ ವಾಸನೆ ಬರ್ತಿದೆಯಲ್ಲ?"

ಕೂಲಂಟ್ ಸೋರುತ್ತಿದೆ ಎಂದು ಮಗ ಹೇಳುವಷ್ಟರಲ್ಲೇ ಅಮ್ಮ ಮುಂದಿನ ಸೀಟಿಗೆ ಬಡಿದಳು. "ಅಳಿಯಂದ್ರೇ, ಗಾಡಿ ನಿಲ್ಸಿ. ನಾನು ಇಳೀತೀನಿ."

ಅತ್ತೆಯ ಮಾತು ತೆಗೆದುಹಾಕುವ ಧೈರ್ಯ ಭಾವನಿಗಿರಲಿಲ್ಲ. ಗಾಡಿ ನಿಂತಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಭಾವ ಬಟ್ಟೆ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದ. ಮೆಕ್ಯಾನಿಕ್ ಅವನ ಮಣಿಕಟ್ಟು ಹಿಡಿದು ಎಳೆದ.

"ಮುಖ ಸುಟ್ಕೊಳ್ತೀರಾ? ತಣ್ಣಗಾಗ್ಲಿ ಅದು!"

ಒಂದು ಗಂಟೆ ರಸ್ತೆಬದಿಯ ಕಲ್ಲಿನ ಮೇಲೆ ನಾಲ್ವರೂ ನಾಲ್ಕು ದಿಕ್ಕಿಗೆ ಮುಖ ಮಾಡಿ ಕುಳಿತರು. ಒಂದು ಗಾಡಿಯೂ ನಿಲ್ಲಲಿಲ್ಲ. ಅಮ್ಮನೊಬ್ಬಳೇ ತಲೆಗೆ ಸೆರಗು ಹೊದ್ದು ತೂಕಡಿಸಿದಳು. ತಣ್ಣಗಾದ ಮೇಲೆ ಮೆಕ್ಯಾನಿಕ್ ಸೀಳಿದ ಹೋಸಿನ ತುದಿ ಕತ್ತರಿಸಿ, ಮತ್ತೆ ಕೂರಿಸಿ ಬಿಗಿದು, ಕುಡಿಯಲು ತಂದ ನೀರನ್ನೆಲ್ಲ ಒಳಗೆ ಸುರಿದ. ಆಸ್ಪತ್ರೆ ತಲುಪುವಷ್ಟರಲ್ಲಿ ಹನ್ನೊಂದೂವರೆ. ಅಮ್ಮನ ಸರದಿ ಮುಗಿದಿತ್ತು. ಮತ್ತೆ ಮೂರು ವಾರ ಬಿಟ್ಟು ಬನ್ನಿ ಎಂದರು.

"ಎಲ್ಲಾ ನಿನ್ನಿಂದ," ಎಂದಳು ಅಕ್ಕ. "ನಿನ್ನ ಮಾತು ಕೇಳಿ ಅಮ್ಮನೂ ಹೆದರಿದ್ಳು."

ಮೆಕ್ಯಾನಿಕ್ ಖಾಲಿಯಾದ ನೀರಿನ ಬಾಟಲಿಗಳನ್ನು ಎತ್ತಿಕೊಂಡು ಗಾಡಿಯ ಕಡೆ ನಡೆದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ಒಮ್ಮೆ ಹೋದ ಗ್ಯಾಸ್ಕೆಟ್ಟೂ ಹಾಗೇ ಎಂದು ಇವರಿಗೆ ಯಾರು ಹೇಳಬೇಕು?

ಮರುದಿನ ಅವನು ಕೇಳದೆಯೇ ಕೀಲಿ ತೆಗೆದುಕೊಂಡು ಗಾಡಿಯನ್ನು ಶೆಡ್ಡಿಗೆ ತಂದ. ಪರೀಕ್ಷೆ ಮಾಡಿದ: ಕೂಲಂಟಿನಲ್ಲಿ ಗುಳ್ಳೆಯಿಲ್ಲ, ಎಣ್ಣೆಯಲ್ಲಿ ನೀರಿಲ್ಲ, ನಾಲ್ಕು ಸಿಲಿಂಡರಿನ ಒತ್ತಡವೂ ಸಮ. ಗ್ಯಾಸ್ಕೆಟ್ ಕೂದಲೆಳೆಯಲ್ಲಿ ಉಳಿದಿತ್ತು. ರೇಡಿಯೇಟರು, ಹೋಸು, ಥರ್ಮೋಸ್ಟಾಟು, ಮುಚ್ಚಳ ಎಲ್ಲಾ ಹೊಸದು ಹಾಕಿದ. ಟರ್ಬೊದ ಒತ್ತಡವನ್ನು ಕಂಪನಿಯ ಅಳತೆಗೇ ಇಳಿಸಿದ.

ಭಾವ ಒಂದು ಸುತ್ತು ಓಡಿಸಿ ಬಂದು ಮುಖ ಹುಳ್ಳಗೆ ಮಾಡಿದ. "ಗಾಡಿ ಸತ್ತೇಹೋಗಿದೆ. ಮೊದಲಿನ ಓಟವೇ ಇಲ್ಲ. ಏನು ಹಾಳು ಮಾಡಿದ್ಯೋ."

ಅಲ್ಲಿಗೆ ಕಟ್ಟೆ ಒಡೆಯಿತು. ಮೆಕ್ಯಾನಿಕ್ ಸ್ಪ್ಯಾನರ್ ನೆಲಕ್ಕೆ ಎಸೆದ. "ಹೋಗಿ ಭಾವ, ಮತ್ತೆ ಏರಿಸ್ಕೊಳ್ಳಿ! ಕೆಟ್ಟಮೇಲೆ ಸರಿಮಾಡಿದ್ರೆ ಬೆನ್ನು ತಟ್ತೀರಿ. ಕೆಡದ ಹಾಗೆ ನೋಡ್ಕೊಂಡ್ರೆ ನಾನೇ ಕಳ್ಳ! ಹರಿದಿಲ್ಲದ ಗ್ಯಾಸ್ಕೆಟ್ ತೆಗೆದು ನಿಮಗೆ ತೋರಿಸ್ಲಾ?"

ಭಾವ ಕೆಂಪಾದ ಮುಖದಲ್ಲಿ ನಡೆದೇ ಮನೆಗೆ ಹೋದ. ಬಾಗಿಲಲ್ಲಿ ನಿಂತಿದ್ದ ಅಕ್ಕ ಹೋಗಲಿಲ್ಲ. ಬಾನೆಟ್ ಕಡೆ ಕೈ ತೋರಿಸಿದಳು. "ದಿನಾ ಏನೇನು ನೋಡ್ಬೇಕು, ನಂಗೆ ಹೇಳು."

ಅವನು ಸಿಟ್ಟಿನಲ್ಲೇ ಹೇಳಿಕೊಟ್ಟ. ಎಂಜಿನ್ ತಣ್ಣಗಿದ್ದಾಗ ಕೂಲಂಟಿನ ಮಟ್ಟ ನೋಡು, ಶುರುವಿನ ಹತ್ತು ನಿಮಿಷ ಮೆತ್ತಗೆ ಓಡಿಸು, ಗುಡ್ಡ ಹತ್ತಿ ಬಂದಮೇಲೆ ಟರ್ಬೊ ತಣಿಯಲು ಒಂದೆರಡು ನಿಮಿಷ ಬಿಟ್ಟು ಎಂಜಿನ್ ಆರಿಸು, ಮುಳ್ಳು ಮೇಲೆ ಹೋದರೆ ಯಾರ ಮಾತೂ ಕೇಳಬೇಡ. ಅಕ್ಕ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಂಡಳು.

ಮೂರು ವಾರದ ಮೇಲೆ ಅಮ್ಮನನ್ನು ಆಸ್ಪತ್ರೆಗೆ ಅಕ್ಕನೇ ಕರೆದುಕೊಂಡು ಹೋದಳು. ಲಾರಿಗಳ ಹಿಂದೆಯೇ ನಿಧಾನವಾಗಿ ಹತ್ತಿ, ಹೊತ್ತಿಗೆ ಮೊದಲೇ ತಲುಪಿದಳು. ಭಾವ ಮಾತ್ರ ಬಾಮೈದನ ಜೊತೆ ಇವತ್ತಿಗೂ ಮಾತಾಡುತ್ತಿಲ್ಲ. ಎದುರು ಸಿಕ್ಕರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ.