ನೋಗಾಮಜ್ಜಿಯ ಬಹುವಚನ

1.

ಈ ಕಥೆಗೆ ಬಾಗಿಲು ಯಾವ ಕಡೆಗಿದೆ ಎಂದು ನನಗೇ ಗೊತ್ತಿಲ್ಲ. ಅಜ್ಜಿಯಿಂದ ಶುರುಮಾಡಿದರೆ ನೀವು ಈಗಲೇ ಕರ್ಚೀಫು ಹುಡುಕುತ್ತೀರಿ. ಹಾಡುಗಾರ್ತಿಯಿಂದ ಶುರುಮಾಡಿದರೆ ಫೋಟೊ ಕೇಳುತ್ತೀರಿ. ನನ್ನಿಂದ ಎಂದರೆ, ಹೈಸ್ಕೂಲು ಅರ್ಧಕ್ಕೆ ಬಿಟ್ಟು ಬ್ಯಾನರ್ ಅಂಗಡಿ ಸೇರಿದವನ ಮಾತು ಯಾರಿಗೆ ಬೇಕು? (ಬೇಡದವರು ಇಲ್ಲೇ ಪುಟ ತಿರುಗಿಸಿ. ಬಲವಂತ ಇಲ್ಲ.)

ಸರಿ, ಬ್ಯಾನರಿನಿಂದಲೇ ಹಿಡಿಯುತ್ತೇನೆ. ದಕ್ಷಿಣ ತೀರದ ನಮ್ಮ ಪಟ್ಟಣದಲ್ಲಿ ಯಾರದೋ ಮಗ ರಾಜಧಾನಿ ಸೋಲ್‌ನಲ್ಲಿ ಜಡ್ಜ್ ಆದರೆ, ಯಾರದೋ ಮಗಳು ಟೀವಿಯಲ್ಲಿ ಬಂದರೆ, ಊರ ಮುಂದಿನ ಕಂಬಕ್ಕೆ ಬ್ಯಾನರ್ ಬೀಳುತ್ತದೆ: ‘ನಮ್ಮೂರ ಹೆಮ್ಮೆ’. ಅದನ್ನು ಅಚ್ಚು ಹಾಕಿ, ಏಣಿ ಹತ್ತಿ ಕಟ್ಟುವವನು ನಾನು. ಕಟ್ಟಿ ಕಟ್ಟಿ ನಾನು ಕಲಿತದ್ದು ಇಷ್ಟೇ: ಊರಿನ ಹೆಮ್ಮೆಯಾಗಬೇಕಾದರೆ ಮೊದಲು ಊರು ಬಿಡಬೇಕು. ಉಳಿದವನಿಗೆ ಏಣಿ.

(ಸಿಟ್ಟು ಜಾಸ್ತಿಯಾಯಿತು. ಇರಲಿ, ಅದನ್ನು ಅಳಿಸಿದರೆ ನಾನೇ ಉಳಿಯುವುದಿಲ್ಲ.)

2.

ನೋಗಾಮಜ್ಜಿ ಅಂಗಡಿಗೆ ಬಂದರು. ಕಡಲ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಿಂದ ನೇರವಾಗಿ, ರಬ್ಬರ್ ಬೂಟಿನಲ್ಲೇ. ನಮ್ಮಲ್ಲಿ ಮದುವೆಯಾಗಿ ಬಂದ ಹೆಂಗಸಿಗೆ ತವರೂರೇ ಹೆಸರು. ಹುಟ್ಟಿದಾಗ ಇಟ್ಟ ಹೆಸರು ಅವಳ ಗಂಡನಿಗೂ ಮರೆತಿರುತ್ತದೆ. ಅಜ್ಜಿಯ ತವರು ನೋಗಾಂ, ಬೆಟ್ಟಗಳ ನಡುವಿನ ಒಂದು ಸಣ್ಣ ಸೀಮೆ. ಈಗ ಅದನ್ನು ಪಕ್ಕದ ಜಿಲ್ಲೆಗೆ ಸೇರಿಸಿದ್ದಾರೆ. ಬಸ್ಸಿನ ಬೋರ್ಡಿನಲ್ಲೂ ಆ ಹೆಸರಿಲ್ಲ. ಉಳಿದಿರುವುದು ಅಜ್ಜಿಯ ಮೇಲೆ ಮಾತ್ರ.

“ತೇಸೊಪ್, ಒಂದು ಬ್ಯಾನರ್ ಮಾಡ್ಕೊಡೋ. ಸಿಂಪಿ ಹಬ್ಬಕ್ಕೆ ತಾಕ್ ಯೊನ್‌ಸಿಲ್ ಹಾಡಕ್ಕೆ ಬರ್ತಿದಾಳೆ. ನಮ್ಮೂರ ಹುಡುಗಿ.”

“ಏನಂತ ಬರೀಲಿ ಅಜ್ಜಿ?”

“‘ಯೊನ್‌ಸಿಲ್, ನಿನ್ನ ನೋಗಾಮಿನವರು ಬಂದಿದ್ದೇವೆ.’ ದಪ್ಪಕ್ಕೆ, ಕೆಂಪಗೆ.”

“ಬಂದಿದ್ದೇವೆ ಅಂದ್ರೆ ಯಾರ್ಯಾರು?”

“ನಾನು.”

“ಮತ್ತೆ?”

“ಮತ್ತೇನು ಮತ್ತೆ? ನಮ್ಮೂರೋಳು ಸುನ್‌ರ್ಯೆ ಒಬ್ಬಳಿದ್ಲು, ಹೋದ ಚಳಿಗಾಲ ಅವಳೂ ಹೋದ್ಲು.”

“ಒಬ್ರೇ ಇದ್ದಾಗ ‘ಬಂದಿದ್ದೇವೆ’ ಅಂದ್ರೆ ತಪ್ಪಾಗತ್ತೆ ಅಜ್ಜಿ.”

“ಅಯ್ಯೋ, ಹೈಸ್ಕೂಲೂ ಮುಗಿಸದೋನು ನಂಗೆ ವ್ಯಾಕರಣ ಹೇಳ್ಕೊಡ್ತಾನೆ! ‘ಬಂದಿದ್ದೇನೆ’ ಅಂತ ಹಾಕಿದ್ರೆ ಆ ಹುಡುಗಿ ಊರೇ ಸತ್ತೋಯ್ತು ಅಂತ ಹೆದರ್ಕೊಳಲ್ವೇನೋ?”

ಒಳಗಿನಿಂದ ಯಜಮಾನ ಪಾಂಗ್ ನಕ್ಕ. “ಅಜ್ಜಿ, ಅವಳು ಟೀವೀಲಿ ‘ನಾವು ನೋಗಾಂ ತಾಕ್’ ಅಂದಿದ್ದು ವಂಶದ ಹೆಸರಿನ ಮಾತು. ಯಾವ ಕಾಲದಲ್ಲೋ ಅವಳ ಮೂಲಪುರುಷ ಅಲ್ಲಿದ್ದ, ಅಷ್ಟೆ. ಹುಡುಗಿ ಹುಟ್ಟಿದ್ದು ಬೆಳೆದಿದ್ದು ಸೋಲ್‌ನಲ್ಲೇ. ನೀವು ನಮ್ಮೋರು ನಮ್ಮೋರು ಅಂತೀರಲ್ಲ ಆ ಕುಸ್ತಿ ಪೈಲ್ವಾನ, ಆ ಮಂತ್ರಿ, ಅವರದ್ದೂ ಇದೇ ಕಥೆ. ಒಬ್ರೂ ನೋಗಾಂ ಮಣ್ಣು ತುಳಿದಿಲ್ಲ.”

“ಬೇರು ಅಲ್ಲೇ ತಾನೆ ಇರೋದು? ಬೇರಿಗೆ ಮಾತು ಗೊತ್ತಿರತ್ತೆ,” ಎಂದರು ಅಜ್ಜಿ. ನನ್ನ ಕಡೆ ತಿರುಗಿ, “ನೀನು ಅಚ್ಚು ಹಾಕೋ. ಅವನು ಪಾಂಗ್ ವಂಶದೋನು, ಅವನಿಗೇನು ಗೊತ್ತು,” ಎಂದರು.

3.

ಅಜ್ಜಿಗೆ ಬೇಕಾದದ್ದು ಹಾಡಲ್ಲ. ಬಟ್ಟೆ ಕತ್ತರಿಸುವಾಗ ಹೇಳಿದರು. ನೋಗಾಮಿನಲ್ಲಿ ಮಂಜು ಬಿದ್ದ ದಿನ ಒಂದು ದಿಬ್ಬದಿಂದ ಇನ್ನೊಂದು ದಿಬ್ಬಕ್ಕೆ ಕೂಗುತ್ತಾರಂತೆ: “ಯಾರ ಮನೆ ಹೊಗೆಯೋ ಅದೂ?” ಆ ಕಡೆಯಿಂದ ಒಂದು ಉತ್ತರ ಬರುತ್ತದೆ. ಅಲ್ಲಿಯವರಿಗೆ ಮಾತ್ರ ಗೊತ್ತಿರುವ ಒಂದೇ ಮಾತು. ಸುನ್‌ರ್ಯೆ ಸತ್ತ ಮೇಲೆ ಆ ಮಾತು ಅಜ್ಜಿಯ ಕಿವಿಗೆ ಬಿದ್ದಿಲ್ಲ. ಒಂದು ಸಲ ಕೂಗಬೇಕು, ಒಂದು ಸಲ ಕೇಳಿಸಿಕೊಳ್ಳಬೇಕು, ಅಷ್ಟೇ.

“ಉತ್ತರ ಏನಜ್ಜಿ?”

“ಹೇಳ್ಕೊಟ್ಟ ಮೇಲೆ ಅದು ಉತ್ತರ ಹೆಂಗಾಗತ್ತೋ, ಬೆಪ್ಪೆ?”

4.

(ಇಲ್ಲಿ ಅಜ್ಜಿ ಮಿಷಿನ್ನಿನ ಪಕ್ಕ ಕೂತು ಕಣ್ಣೀರು ಒರೆಸಿಕೊಂಡರು ಎಂದು ಬರೆದಿದ್ದೆ. ಓದಲು ಕೊಟ್ಟಿದ್ದ ಕಾಗದದಿಂದ ಅಜ್ಜಿ ತಲೆ ಎತ್ತಿದರು.

“ನಾನ್ಯಾವಾಗ ಅತ್ತೆ?”

“ಕಥೆಗೆ ಬೇಕು ಅಜ್ಜಿ. ಓದೋರಿಗೆ ಸ್ವಲ್ಪ…”

“ಬೇಕಾದ್ರೆ ನೀನೇ ಅಳು. ನಿಂಗೂ ಯಾರಿಲ್ಲವಲ್ಲ.”

ಹೊಡೆದುಹಾಕಿದೆ. ಕೊನೆಯ ಮಾತನ್ನೂ ಹೊಡೆಯಬೇಕಿತ್ತು, ಆಗಲಿಲ್ಲ.)

5.

ಹಬ್ಬದ ಮಧ್ಯಾಹ್ನ. ಊರಾಚೆಯ ಬಂದರಿನ ಕಟ್ಟೆಯ ಮೇಲೆ ಸ್ಟೇಜು, ಸುಟ್ಟ ಸಿಂಪಿಯ ವಾಸನೆ, ಎಡೆಬಿಡದ ಗಾಳಿ. ಬ್ಯಾನರ್ ಹಿಡಿಯಲು ಇಬ್ಬರು ಬೇಕು ಎಂಬುದು ಅಜ್ಜಿಗೆ ಹೊಳೆದಿರಲಿಲ್ಲ. ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ನೆಲದಲ್ಲಿ ಎಳೆದಾಡುತ್ತಿತ್ತು. ನಾನು ಹೋಗಿ ಎತ್ತಿದೆ.

“ನೀನು ನೋಗಾಮಿನವನಲ್ಲ.”

“ಗಾಳಿಗೆ ಗೊತ್ತಾಗಲ್ಲ ಬಿಡಿ.”

“ಮುಖ ಬಟ್ಟೆ ಹಿಂದೆ ಮಾಡ್ಕೊ ಹಾಗಾದ್ರೆ,” ಎಂದರು. ಮಾಡಿಕೊಂಡೆ. ಹಾಗಾಗಿ ಮುಂದಿನದನ್ನು ನಾನು ನೋಡಿಲ್ಲ, ಕೇಳಿದ್ದೇನೆ. ಎರಡು ಹಾಡು ಮುಗಿದವು. ಚಪ್ಪಾಳೆ ಇಳಿಯುವ ಹೊತ್ತಿಗೆ, ನನ್ನ ಕೈಯಲ್ಲಿದ್ದ ಬಟ್ಟೆ ನಡುಗುವಂತೆ, ಆ ಮೋಟು ಮುದುಕಿಯ ಎದೆಯಿಂದ ಒಂದು ಬೆಟ್ಟದಷ್ಟು ದನಿ ಎದ್ದಿತು:

“ಯಾರ ಮನೆ ಹೊಗೆಯೋ ಅದೂ…?”

ಜನ ನಕ್ಕರು. ಯಾರೋ “ಸಿಂಪಿ ಸುಡ್ತಿದಾರೆ ಅಜ್ಜೀ!” ಎಂದ. ಆಮೇಲೆ ಮೈಕಿನಲ್ಲಿ ಯೊನ್‌ಸಿಲ್‌ಳ ದನಿ ಬಂತು, ಜೇನು ಸವರಿದ ಹಾಗೆ:

“ಹೌದಾ ತಾಯೀ? ನೋಗಾಮಿಂದ ಬಂದಿದೀರಾ? ನಾನೂ ನೋಗಾಮಿನವಳೇ! ಎಲ್ಲಾರೂ ಅಮ್ಮನಿಗೊಂದು ಚಪ್ಪಾಳೆ!”

ದೊಡ್ಡ ಚಪ್ಪಾಳೆ. ಅಜ್ಜಿಯ ತುದಿ ನಿಧಾನವಾಗಿ ಕೆಳಗಿಳಿಯಿತು. ನನ್ನದು ಮೇಲೇ ಇತ್ತು. ಎಷ್ಟು ಹೊತ್ತು ಎಂದು ಕೇಳಬೇಡಿ.

6.

ಈ ಕಥೆಗೆ ಮೂರು ಮುಕ್ತಾಯಗಳಿವೆ. ಬೇಕಾದರೆ ನೋಡಿ.

ಮೊದಲನೆಯದು: ಬಟ್ಟೆಯ ಹಿಂದಿನಿಂದ ನಾನೇ ಏನೋ ಒಂದು ಮಾತು ಕಟ್ಟಿ ಕೂಗುತ್ತೇನೆ. ಅಜ್ಜಿ ಬಂದು ನನ್ನ ಕೆನ್ನೆಗೆ ಬಾರಿಸುತ್ತಾರೆ. (ಇದು ನನಗೆ ಇಷ್ಟ. ಯಾರಾದರೂ ನನ್ನ ಕೆನ್ನೆ ಮುಟ್ಟಿದಂತಾಗುತ್ತದೆ. ಆದರೆ ಆಗಲಿಲ್ಲ, ನನಗೆ ಧೈರ್ಯ ಬರಲಿಲ್ಲ.)

ಎರಡನೆಯದು: ಗುಂಪಿನ ಹಿಂದೆ ಒಬ್ಬ ಮುದುಕ, ಬಲೆ ಹೆಣೆಯುತ್ತ ಕೂತವನು, ಕೈ ನಿಲ್ಲಿಸಿ ಸರಿಯಾದ ಉತ್ತರ ಕೂಗುತ್ತಾನೆ. ನಿಮಗೆ ಇದೇ ಬೇಕು ಅಲ್ಲವೇ? ನನಗೂ ಬೇಕಿತ್ತು. ಚೆನ್ನಾಗಿಯೇ ಬರೆದೆ, ಅವನಿಗೊಂದು ಕೆಮ್ಮನ್ನೂ ಕೊಟ್ಟೆ. ಅಜ್ಜಿಗೆ ಓದಿ ಹೇಳಿದೆ.

“ಯಾರ ಮನೆಯವನು ಇವನು?” ಎಂದರು.

“ನೋಗಾಮಿನವನು ಅಜ್ಜಿ.”

“ನೋಗಾಮಲ್ಲಿ ಇಂಥೋನು ಯಾರೂ ಇರ್ಲಿಲ್ಲ. ಎಲ್ಲರನ್ನೂ ನಾನು ಬಲ್ಲೆ.”

ಮುದುಕ ಹೋದ. ಕೆಮ್ಮೂ ಹೋಯಿತು.

ಮೂರನೆಯದರಲ್ಲಿ ಅಜ್ಜಿ ಸಾಯಬೇಕಂತೆ. ನಾನು ಬರೆಯುವುದಿಲ್ಲ. ಬೇರೆಯವರಿಗೆ ಕೊಡಿ, ಓದಿದವರಿಗೆ, ಅವರಿಗೆ ಅದು ಚೆನ್ನಾಗಿ ಬರುತ್ತದೆ.

7.

ಹಿಂದಿರುಗುವ ಬಸ್ಸಿನಲ್ಲಿ ನಾವಿಬ್ಬರೇ, ಡ್ರೈವರನನ್ನು ಬಿಟ್ಟರೆ. ಬ್ಯಾನರನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡು, “ಬಟ್ಟೆ ಗಟ್ಟಿಯಾಗಿದೆ, ಕೋಸಿನ ಪಾತಿಗೆ ಹೊದಿಸ್ತೀನಿ,” ಎಂದರು ಅಜ್ಜಿ.

“ನಂಗೆ ಹೇಳ್ಕೊಡಿ ಅಜ್ಜಿ. ಉತ್ತರ ಅಂತಲ್ಲ. ಸುಮ್ನೆ ಯಾರೋ ಒಬ್ರಿಗೆ ಗೊತ್ತಿರ್ಲಿ ಅಂತ.”

ಅವರು ನನ್ನ ಕಡೆ ತಿರುಗಿದರು. ಕೋಪವಿರಲಿಲ್ಲ, ಮರುಕವೂ ಇರಲಿಲ್ಲ.

“ಬೇಡ ಮಗಾ. ನಿನ್ ಬಾಯಿಂದ ಬಂದ್ರೆ, ಆಮೇಲೆ ಅದನ್ನ ನಂಬಕ್ಕೆ ಶುರುಮಾಡ್ಬಿಡ್ತೀನಿ.”

ತಿರುವಿನಲ್ಲಿ ಕಡಲು ಮರೆಯಾಗಿ ಬೆಟ್ಟ ಬಂತು. ಅಜ್ಜಿ ಕಿಟಕಿಯ ಗಾಜು ಸರಿಸಿ ಇನ್ನೊಮ್ಮೆ ಕೂಗಿದರು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ನನ್ನ ಬಾಯಲ್ಲಿ ಎಷ್ಟೋ ಮಾತುಗಳು ತುಂಬಿಕೊಂಡವು. ಹಲ್ಲು ಕಚ್ಚಿ ಸುಮ್ಮನೆ ಕೂತೆ.

ನೀವೂ ಸುಮ್ಮನಿರಿ. ಅವರು ಇನ್ನೂ ಕೇಳಿಸಿಕೊಳ್ಳುತ್ತಿದ್ದಾರೆ