ಕೆಂಪಿಗೆ ಕೆಂಪು

"ಯಾವ ಪುಣ್ಯಾತ್ಮನ ಕೈಚಳಕವೋ ಇದು!" ಸ್ಪೀಕರ್ ಪೆಟ್ಟಿಗೆಯ ಹಿಂದೆ ಅರ್ಧ ಮೈ ತೂರಿಸಿಕೊಂಡಿದ್ದ ರೇಡಿಯೋ ಅಂಗಡಿಯ ಮುದುಕರು ಅಲ್ಲಿಂದಲೇ ಗೊಣಗಿದರು. "ನಡುವಿನ ಸ್ಪೀಕರಿಗೂ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ತಂತಿ ಹಾಕಿದಾನೆ. ಟಾರ್ಚ್ ನೆಟ್ಟಗೆ ಹಿಡಿಯಯ್ಯಾ, ನನ್ನ ಬೋಳು ತಲೆಗೆ ಬಿಟ್ರೆ ಏನು ಬಂತು?"

"ಬೆಳಕು ದುಪ್ಪಟ್ಟಾಗುತ್ತೆ," ಅಂದರು ಟಾರ್ಚ್ ಹಿಡಿದಿದ್ದ ದರ್ಜಿ.

ಕಾಫಿ ಲೋಟಗಳ ತಟ್ಟೆ ಹಿಡಿದು ಬಂದ ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಪಕ್ಕದ ಕೋಣೆಯಲ್ಲಿ ಮಾವ ಮಲಗಿದ್ದರು. ಇಷ್ಟು ಗದ್ದಲದ ನಡುವೆ, ಅದೂ ಯಾರೋ ತಮ್ಮ ಪೆಟ್ಟಿಗೆಗೆ ಕೈ ಹಾಕಿರುವಾಗ, ಅವರು ಸುಮ್ಮನೆ ಮಲಗಿದ್ದು ಇದೇ ಮೊದಲು. ಸ್ಮಶಾನದ ಗಾಡಿ ಬರುವುದರೊಳಗೆ ಅವರ ಬೆಳಗಿನ ಹಾಡನ್ನು ಅವರದೇ ಪೆಟ್ಟಿಗೆಯಲ್ಲಿ ಒಂದು ಸಲ ಹಾಕಿ ಅಂತ ಅವರ ಈ ಇಬ್ಬರು ಹಳೆಯ ಗೆಳೆಯರನ್ನು ಅತ್ತೆ ಕೇಳಿಕೊಂಡಿದ್ದರು. ಅವರು ಕೇಳಿದ್ದು ಅದೊಂದೇ.

"ನಡುವಿನದು ತಿರುವುಮುರುವು ಇರ್ಬೇಕು ಅಂತ ನಂಗೆ ಹೇಳ್ಕೊಟ್ಟವನೇ ಒಳಗೆ ಮಲಗಿರೋ ಅವನು," ಮುದುಕರು ಹೇಳುತ್ತಲೇ ಇದ್ದರು. "ಇಲ್ದಿದ್ರೆ ಒಬ್ಬ ತಳ್ತಾನೆ, ಒಬ್ಬ ಎಳೀತಾನೆ, ದನಿ ಅಲ್ಲೇ ಸಾಯುತ್ತೆ. ಯಾರೋ ಅರಿಯದವರು ಹಾಕಿದಾರೆ. ತಿರುಗಿಸ್ತೀನಿ ತಾಳು."

ಅವಳು ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

*

ಮಾವ ಹಗಲೆಲ್ಲ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಸಂಜೆ ಬಂದು ಕೈಕಾಲು ತೊಳೆದವರೇ ಹಿಂದಿನ ಕೋಣೆ ಸೇರಿದರೆ, ಊಟಕ್ಕೆ ಮೂರು ಸಲ ಕರೆಯಬೇಕು. ಸ್ವಂತ ಕೈಯಿಂದ ಸ್ಪೀಕರ್ ಕಟ್ಟಿಕೊಳ್ಳುವ ಹುಚ್ಚಿನವರು ಎಲ್ಲೆಲ್ಲಿಂದಲೋ ಕೇಳಿಕೊಂಡು ಬರುತ್ತಿದ್ದರು. ಅವರಿಗೆಲ್ಲ, ಹಾಡನ್ನು ಪೆಟ್ಟಿಗೆಯ ಮೂರು ಸ್ಪೀಕರುಗಳಿಗೆ ಹಂಚುವ ಕ್ರಾಸೋವರ್ ಬೋರ್ಡು ಮಾಡಿಕೊಡುವುದು ಮಾವನ ಸುಖ.

ಮದುವೆಯಾಗಿ ಬಂದ ಹೊಸತರಲ್ಲಿ, ಆ ಬೆಸುಗೆಯ ಹೊಗೆಯ ವಾಸನೆ ಹಿಡಿದು ಅವಳು ಆ ಕೋಣೆಯ ಹೊಸಿಲ ತನಕ ಹೋಗಿದ್ದಳು.

"ಇದೇನು ಮಾವ?"

"ಇದಾ? ಬಡಿಸೋಳು ಕಣಮ್ಮ." ಮಾವ ಅಂಗೈ ಅಗಲದ ಹಸಿರು ಬೋರ್ಡನ್ನು ದೀಪಕ್ಕೆ ಹಿಡಿದರು. "ಒಂದಾನೊಂದು ಮನೇಲಿ ಮೂವರು ಅಣ್ಣತಮ್ಮಂದಿರು. ದೊಡ್ಡೋನಿಗೆ ಗುಡುಗು ಬಿಟ್ರೆ ಬೇರೆ ಸೇರಲ್ಲ. ನಡುವಿನೋನಿಗೆ ಮಾತು ಬೇಕು. ಚಿಕ್ಕೋನು ಗೆಜ್ಜೆ ಸದ್ದು ತಿಂದ್ಕೊಂಡೇ ಬದುಕ್ತಾನೆ. ಹಾಡು ಒಂದೇ ಪಾತ್ರೇಲಿ ಬರುತ್ತೆ. ಇವಳು ಪಾಲು ಮಾಡಿ, ಯಾರ ಎಲೆಗೆ ಏನೋ ಅದನ್ನಷ್ಟೇ ಬಡಿಸ್ತಾಳೆ. ಆಮೇಲೆ ಮೂವರೂ ಒಟ್ಟಿಗೆ ಬಾಯಿ ತೆಗೆದ್ರೆ, ಕೇಳೋರಿಗೆ ಮತ್ತೆ ಅದು ಒಂದೇ ಹಾಡು."

ಅಜ್ಜಿ ತೀರಿಕೊಂಡ ಮೇಲೆ ಅವಳಿಗೆ ಯಾರೂ 'ಒಂದಾನೊಂದು' ಅಂತ ಹೇಳಿರಲಿಲ್ಲ. ಅಂದಿನಿಂದ ಸಂಜೆಯಾದರೆ ಆ ಕೋಣೆಯ ಸ್ಟೂಲು ಅವಳದು. ರೆಸಿಸ್ಟರುಗಳ ಬಣ್ಣದ ಪಟ್ಟಿಗಳನ್ನು ಅವಳು ಓದಿ ಹೇಳುವುದು, ಮಾವ ಜೋಡಿ ಕೂಡಿಸುವುದು. "ಮದುವೆ ದಲ್ಲಾಳಿಗಳು ಎದ್ದು ಬನ್ನಿ, ಸಾರು ಆರ್ತಿದೆ," ಅಂತ ಅತ್ತೆ ಒಳಗಿನಿಂದ ಕೂಗುತ್ತಿದ್ದರು.

ಗೋಡೆಗೆ ಬಣ್ಣ ಹೊಡೆಸುವಾಗ ಅವಳೇ ತಂತಿ ಬಿಚ್ಚಿ ಪೆಟ್ಟಿಗೆಗಳನ್ನು ಸರಿಸಿದಳು. ಮಾವ ಕೆಲಸ ಮುಗಿಸಿ ಬರುವಷ್ಟರಲ್ಲಿ ಎಲ್ಲವನ್ನೂ ಒರೆಸಿ, ಜೋಡಿಸಿ, ಹಾಡು ಹಚ್ಚಿ ನಿಂತಿದ್ದಳು. ಮಾವ ಕೂತರು. ತಲೆಯನ್ನು ಒಂದಿಷ್ಟು ವಾಲಿಸಿ, ಹಾಡು ಮುಗಿಯುವ ತನಕ ಕೇಳಿದರು.

"ಯಾರು ಹಾಕಿದ್ದು?"

"ನಾನೇ ಮಾವ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಹೇಗಿದೆ?"

ಮಾವ ಅವಳ ಧೂಳು ಮೆತ್ತಿದ ಮುಖ ನೋಡಿ ನಕ್ಕರು. "ಚೆನ್ನಾಗಿದೆ ಕಣಮ್ಮ. ಬಲು ಅಚ್ಚುಕಟ್ಟು."

ಮರುದಿನ ಸಂಜೆ ಹಿಂದಿನ ಕೋಣೆಯ ಬಾಗಿಲು ಹಾಕಿತ್ತು. ಅದರ ಮರುದಿನವೂ ಹಾಕಿತ್ತು. ಬಾಗಿಲ ಸಂದಿಯಿಂದ ಬೆಸುಗೆಯ ವಾಸನೆ ಬರುತ್ತಿತ್ತೇ ಹೊರತು ಕರೆ ಬರಲಿಲ್ಲ. ಕೈ ಹಾಕಬಾರದ್ದಕ್ಕೆ ಕೈ ಹಾಕಿದೆ, ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಅಂದುಕೊಂಡಳು. ಕೆಲವು ದಿನಗಳ ಮೇಲೆ ಬಾಗಿಲು ತೆರೆದು, "ಬಾರಮ್ಮ, ಬಣ್ಣ ಓದೋರು ಬೇಕು," ಅಂತ ಮಾವ ಕರೆದರು. ಅವಳು ಒಲೆಯ ಮೇಲೆ ಹಾಲಿದೆ ಅಂದಳು. ಇನ್ನೊಂದು ಸಲ ಬಟ್ಟೆ ಮಡಚಬೇಕು ಅಂದಳು. ಆಮೇಲಾಮೇಲೆ ಅವರೂ ಕರೆಯುವುದನ್ನು ಬಿಟ್ಟರು.

ಕೋಪವೇನಾದರೂ ಇತ್ತಾ ಮಾವ ಅಂತ ಒಂದು ಮಾತು ಕೇಳಲು ನಾಲಿಗೆ ಏಳಲಿಲ್ಲ. ನಾಳೆ ನಾಳೆ ಅನ್ನುತ್ತಲೇ ಇವತ್ತು ಬಂದಿತ್ತು.

*

ಹಾಡು ಶುರುವಾಯಿತು. ಶುರುವಾದದ್ದೇ ರೇಡಿಯೋ ಅಂಗಡಿಯವರ ಮುಖ ಹುಳ್ಳಗಾಯಿತು. ಹಾಡುವವಳು ಬಾವಿಗಿಳಿದು ಕೂತಂತಿತ್ತು. ಗುಡುಗು ಇತ್ತು, ಗೆಜ್ಜೆ ಇತ್ತು, ನಡುವೆ ಕೊರಳೇ ಇರಲಿಲ್ಲ.

"ನಿಲ್ಸು, ನಿಲ್ಸು! ತಿರುಗಿಸಿದ ಮೇಲೆ ಸರಿಯಾಗ್ಬೇಕಿತ್ತಲ್ಲ?" ಅವರು ಬೋರ್ಡಿನ ಡಬ್ಬಿಯ ಮುಚ್ಚಳ ಬಿಚ್ಚಿದರು. ಬಿಚ್ಚಿ, ಕನ್ನಡಕ ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿದರು. "ಇದ್ಯಾವ ಬಾಲ?"

ಹಳೆಯ ಬೋರ್ಡಿನ ಮೇಲೆ ಬೆರಳಗಲದ ಎರಡು ಹೊಸ ತುಂಡುಗಳು ಕೂತಿದ್ದವು, ಎಡದ ಪೆಟ್ಟಿಗೆಗೊಂದು, ಬಲಕ್ಕೊಂದು.

"ಏನು ಮಾಡುತ್ತೆ ಅದು?" ದರ್ಜಿ ಕೇಳಿದರು.

"ಮಾಡೋದೇನು, ನಡುವಿನ ದನಿಯನ್ನ ತಲೆಕೆಳಗು ಮಾಡುತ್ತೆ, ನಾನು ತಂತೀನೂ ತಿರುಗಿಸಿ ಅದನ್ನ ಮತ್ತೆ ಕೆಡಿಸ್ದೆ. ಅಷ್ಟೇ. ತಂತಿ ತಿರುಗಿಸಿದ್ರೆ ಮುಗೀತಿತ್ತಲ್ಲ ಮಾರಾಯ! ಬೇಡದ ಒಂದೇ ಒಂದು ರೆಸಿಸ್ಟರ್ ಇಟ್ಟೆ ಅಂತ ನನ್ನ ಹತ್ರ ವಾರಗಟ್ಟಲೆ ಮುಖ ಊದಿಸ್ಕೊಂಡಿದ್ದೋನು ಇವನು." ಮುದುಕರು ಪಕ್ಕದ ಕೋಣೆಯತ್ತ ನೋಡಿ ದನಿ ತಗ್ಗಿಸಿದರು. "ಕೊನೆಕೊನೆಗೆ ತಲೆ ಮಂಜಾಗಿತ್ತೇನೋ, ಪಾಪ. ಇವೆರಡನ್ನೂ ಕಿತ್ತುಬಿಡೋಣ."

"ಮಂಜಾಗಿರ್ಲಿಲ್ಲ."

ಇಬ್ಬರೂ ತಿರುಗಿದರು. ಅವಳು ಇಲ್ಲೇ ಇದ್ದಾಳೆಂಬುದೇ ಅವರಿಗೆ ಮರೆತುಹೋಗಿತ್ತು.

"ಆ ತಂತಿ ಹಾಕಿದ್ದು ನಾನು," ಅಂದಳು. "ಬಣ್ಣ ಹೊಡೆಸಿದಾಗ. ಚೆನ್ನಾಗಿದೆ ಅಂದ್ರು. ಮಾರನೇ ದಿನದಿಂದ ಬಾಗಿಲು ಹಾಕ್ಕೊಂಡು..."

ರೇಡಿಯೋ ಅಂಗಡಿಯವರು ತಂತಿ ನೋಡಿದರು, ಬೋರ್ಡು ನೋಡಿದರು, ಅವಳನ್ನು ನೋಡಿದರು.

ದರ್ಜಿ ಟಾರ್ಚ್ ಆರಿಸಿದರು. "ಅಂಗಿ ಸರಿಹೋಗದಿದ್ರೆ ನಾವು ಅಂಗಿ ಬಿಚ್ತೀವಿ. ಈ ಕಳ್ಳ ನೋಡು, ಹುಡುಗಿ ಹಾಕಿದ ತಂತಿ ಮುಟ್ಟದೆ ಮೈಯನ್ನೇ ತಿದ್ದಿಕೊಂಡಿದಾನೆ."

"ನಂಗೆ ಕಾಣಬಾರದು ಅಂತ ಬಾಗಿಲು..." ಅವಳು ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು.

ಮುದುಕರು ಸ್ಕ್ರೂಡ್ರೈವರನ್ನು ತಿರುಗಿಸಿ, ಹಿಡಿಯನ್ನು ಅವಳ ಕಡೆ ಚಾಚಿದರು. "ತಗೋ ತಾಯಿ. ಇದು ನಿನ್ನ ಪೆಟ್ಟಿಗೆ. ನಾವು ಕೈ ಹಾಕಿದ್ದೇ ತಪ್ಪಾಯ್ತು."

ಅವಳು ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆಯ ಹಿಂದೆ ತೂರಿದಳು. ಸ್ಕ್ರೂ ಒಂದೆರಡು ಸಲ ಜಾರಿತು. "ಅವಸರ ಇಲ್ಲ," ಅಂದರು ಮುದುಕರು, ಹೊರಗೆ ಗಾಡಿ ಬಂದು ನಿಂತ ಸದ್ದು ಎಲ್ಲರಿಗೂ ಕೇಳಿದ್ದರೂ. ಎಡದ್ದು ಮುಗಿಸಿ ಬಲದ್ದಕ್ಕೆ ಹೋದಳು. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು.

"ಹಾಕಿ," ಅಂದಳು ಅಲ್ಲಿಂದಲೇ.

ಹಾಡುವವಳು ಬಾವಿಯಿಂದ ಎದ್ದು ಬಂದು ಕೋಣೆಯ ನಡುವೆ ನಿಂತಳು. ಪಕ್ಕದ ಕೋಣೆಯ ಅಳು, ಪಿಸುಮಾತು, ಕುರ್ಚಿ ಎಳೆದಾಟ ಎಲ್ಲ ಒಂದೊಂದಾಗಿ ನಿಂತವು. ಸೊಸೆ ಪೆಟ್ಟಿಗೆಯ ಹಿಂದಿನ ಧೂಳಿನಲ್ಲೇ ಕೂತು, ಮರಕ್ಕೆ ಅಂಗೈ ಒತ್ತಿದಳು. ಅಲ್ಲಿಂದ ಅವಳಿಗೆ ಬಾಗಿಲಾಚೆಯ ಒಂದು ಸೀಳು ಮಾತ್ರ ಕಾಣುತ್ತಿತ್ತು: ಅವಸರದಲ್ಲಿ ಒಳಬಂದ ಗಾಡಿಯ ಡ್ರೈವರ್ ಹೊಸಿಲಲ್ಲೇ ತಡೆದು ನಿಂತ. ಬೆರಳಲ್ಲಿ ಕಿಣಿಕಿಣಿ ಅನ್ನುತ್ತಿದ್ದ ಕೀ ಗೊಂಚಲನ್ನು ಇನ್ನೊಂದು ಕೈಯಿಂದ ಹಿಡಿದು, ಸದ್ದಾಗದಂತೆ ಮುಷ್ಟಿಯೊಳಗೆ ಮುಚ್ಚಿಕೊಂಡ.