ಒಣಮೀನಿನ ಮೇಲೆ ಹೊರಿಸಿದ ಸದ್ದು

ಚಾಲಕ ಬೊಂಗ್ ಮಾನ್‌ಶಿಕ್ ತನ್ನ ಅಜಾಗರೂಕತೆಯಿಂದಲೇ ಸತ್ತ ಎಂದು ಟ್ಯಾಕ್ಸಿ ಕಂಪನಿ ಪೊಲೀಸರಿಗೆ ಬರೆದುಕೊಟ್ಟಿತು.

ಮಾಸಾನ್ ಬಂದರಿಗೆ ಇಳಿಯುವ ತಿರುವಿನಲ್ಲಿ ಅವನ ಗಾಡಿಯ ಎಡಗಡೆಯ ಮುಂಚಕ್ರ ಮಡಚಿಕೊಂಡಿತ್ತು. ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಟಕ್ ಅನ್ನುತ್ತದೆಂದು ಅವನು ಮೊದಲೇ ಹೇಳಿದ್ದ. ಶೆಡ್ಡಿನ ಮೇಲ್ವಿಚಾರಕ ಜೇಗಲ್ ನಕ್ಕಿದ್ದ: "ಬಾನೆಟ್ಟಿನೊಳಗೆ ಮೀನು ಕುಣೀತಿದೆ ಕಣೋ. ಬಿಗಿಯಾಗಿ ಕಟ್ಟು."

ಹೊಸ ಗಾಡಿ ಬಂದಾಗ ಹಂದಿಯ ತಲೆಯಿಟ್ಟು ಪೂಜಿಸಿ, ಚಕ್ರಗಳಿಗೆ ಅಕ್ಕಿಯ ಹೆಂಡ ಸುರಿದು, ಬಿಳಿ ನೂಲು ಸುತ್ತಿದ ಒಣಮೀನನ್ನು ಬಾನೆಟ್ಟಿನೊಳಗೆ ಕಟ್ಟುವುದು ಶೆಡ್ಡಿನ ರೂಢಿ. ಗಾಡಿಯನ್ನು ಅಪಘಾತದಿಂದ ಕಾಯಬೇಕಾದ ಮೀನು ಅದು. ಮಾನ್‌ಶಿಕ್ ನಂಬಿದ, ನೂಲು ಬಿಗಿದು ಹೊರಟ.

ಈಗ ಅದೇ ಶೆಡ್ಡಿನ ಚಾಲಕಿ ಒಕ್‌ಬುನ್‌ಳ ಟ್ಯಾಕ್ಸಿಯಲ್ಲೂ ಅದೇ ಟಕ್.

ಅವಳು ನೂಲು ಕತ್ತರಿಸಿ ಮೀನನ್ನು ಗಾಡಿಯ ನೆತ್ತಿಯ ಮೇಲಿಟ್ಟಳು. ಹಳೆಯ ಚಾಲಕ ಮೋ ಎಂಬವನನ್ನು ಕರೆದು ಸೀಟಿನಲ್ಲಿ ಕೂರಿಸಿದಳು.

"ನಿಂತಲ್ಲೇ ತಿರುಗ್ಸು ಮಾಮ. ಮೆಲ್ಲಗೆ! ನಿನ್ನತ್ತೆ ಕಿವಿ ಹಿಂಡ್ತಿಲ್ಲ ನೀನು."

"ಹಿಂಡೋ ಧೈರ್ಯ ಇದ್ದಿದ್ರೆ ಟ್ಯಾಕ್ಸಿ ಯಾಕೆ ಓಡಿಸ್ತಿದ್ದೆ?"

ಕೆಳಗೆ ಬಗ್ಗಿ, ಮುಂಚಕ್ರಗಳನ್ನು ಹಿಡಿದಿಡುವ ಬಾಲ್ ಜಾಯಿಂಟುಗಳ ಮೇಲೆ ಒಕ್‌ಬುನ್ ಒಂದೊಂದಾಗಿ ಬೆರಳೂರಿದಳು. ಬಲಗಡೆಯದು ಅಲುಗಲಿಲ್ಲ. ಎಡಗಡೆಯದು ಟಕ್ ಎಂದು ಬೆರಳಡಿಯಲ್ಲೇ ಜಿಗಿಯಿತು. ಹರಿದ ರಬ್ಬರಿನಿಂದ ತುಕ್ಕಿನ ನೀರು ಒಸರಿತು.

ಅಷ್ಟರಲ್ಲಿ ಜೇಗಲ್ ಬಂದ. "ಏನಮ್ಮಾ, ಮೀನು ಬಿಸಿಲಿಗೆ ಹಾಕಿದೀಯ? ಹೆಂಡಕ್ಕೆ ನೆಂಚ್ಕೊಳ್ಳೋಕಾ?"

"ಮೀನು ಮೇಲಿದೆ, ಸದ್ದು ಕೆಳಗಿದೆ. ಮಾಮ, ಇನ್ನೊಂದ್ಸಲ."

ಟಕ್.

ಜೇಗಲ್‌ನ ನಗು ಆರಿತು.

"ಗುಜರಿಯಿಂದ ಹಳೇ ಜಾಯಿಂಟು ತಂದು ನನ್ನ ಗಾಡಿಗೂ ಮಾನ್‌ಶಿಕ್ ಗಾಡಿಗೂ ನೀವೇ ಹಾಕ್ಸಿದ್ರಿ," ಎಂದಳು ಒಕ್‌ಬುನ್. "ಒಂದು ಅವನ್ನ ತಿಂತು. ತಪ್ಪು ಮಾತ್ರ ಅವನದಾಯ್ತು."

ಸತ್ತವನು ಎದ್ದು ಬಂದು ಸದ್ದು ಕೇಳಿಸಲಾರ. ಕಂಪನಿ ಬದುಕಿದ್ದೇ ಆ ನಂಬಿಕೆಯ ಮೇಲೆ.

"ಬಾಯಿ ಮುಚ್ಚು! ಗಾಡಿ ರೋಡಲ್ಲಿರಬೇಕು, ಮಾಲೀಕರ ಮಾತು. ಪುಕ್ಕಲಾದ್ರೆ ಮನೇಲಿ ಕೂತು ಕಿಮ್ಚಿ ಉಪ್ಪಿನಕಾಯಿ ಹಾಕು. ನಾಳೆಯಿಂದ ಬರೋದೂ ಬೇಡ. ಕೀ ಮೋಗೆ ಕೊಡು, ಅವನು ಓಡಿಸ್ತಾನೆ."

ಮೋನ ಕೈಗಳು ಸ್ಟೇರಿಂಗಿನ ಮೇಲೆ ಹಾಗೇ ಇದ್ದವು. ಅವನು ಜೇಗಲ್‌ನನ್ನು ನೋಡಲಿಲ್ಲ, ಅವಳನ್ನು ನೋಡಿದ.

ಒಕ್‌ಬುನ್ ಕಿಟಕಿಯೊಳಗೆ ಕೈಚಾಚಿ ಕೀ ಕಿತ್ತುಕೊಂಡಳು. ಗ್ರೀಸು ಮೆತ್ತಿದ ಮುಷ್ಟಿ ಬಿಗಿದಳು.

"ಇಲ್ಲಿ ಕೊಡು," ಜೇಗಲ್ ಅಂಗೈ ಚಾಚಿದ.

"ಕೊಡಲ್ಲ."